ದ್ರಾಕ್ಷಾಮದ್ಯದ ಔಷಧಕೀರ್ತಿ: ಒಂದು ಚಾರಿತ್ರಿಕ ವಿಮರ್ಶೆ

ಒಂದು ಮತವು ಸಹಸ್ರಾರು ವರ್ಷಗಳ ಕಾಲ ಅಳಿಯದೆ ನಿಂತಿದೆಯೆಂದರೆ ಅದಕ್ಕೆ ದೃಢವಾದ ಆಧಾರವೊಂದು ಇದ್ದೇ ಇರಬೇಕೆಂದು ಊಹಿಸುವುದು ಲೋಕರೂಢಿ. ಆದರೆ ಮತವು ಸ್ಥಿರವಾಗಿದ್ದು, ಅದಕ್ಕೆ ಹೇಳುವ ಕಾರಣಗಳು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದ್ದರೆ, ಆ ಊಹೆಯನ್ನು ಪರೀಕ್ಷಿಸಿ ನೋಡುವುದು ಆವಶ್ಯಕವಾಗುತ್ತದೆ. ವೈನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ದ್ರಾಕ್ಷಾಮದ್ಯವು ದೇಹಕ್ಕೆ ಹಿತಕರವೆಂಬ ಐರೋಪ್ಯ ನಂಬಿಕೆಯು ಇಂತಹುದು. ಪ್ರಾಚೀನ ಗ್ರೀಕ್ ವೈದ್ಯರು ದೇಹದ ರಸಗಳ ಸಮತೋಲನವನ್ನು ಅದಕ್ಕೆ ಕಾರಣವಾಗಿ ಹೇಳಿದರು. ಹತ್ತೊಂಬತ್ತನೆಯ ಶತಮಾನದವರು ಶುಚಿತ್ವವನ್ನು ಹೇಳಿದರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿದ್ದವರು ಪಾಲಿಫಿನಾಲ್ ಎಂಬ ಸಸ್ಯದ್ರವ್ಯಗಳನ್ನು ಹೇಳಿದರು. ಈ ಕಾರಣಗಳ ಪೂರ್ವಾಪರವನ್ನು ಕ್ರಮವಾಗಿ ನೋಡಿದಲ್ಲಿ, ಯಾವುದು ಪ್ರಮಾಣಸಿದ್ಧವಾದ ಅಂಶ, ಯಾವುದು ಪೂರ್ವಾಗ್ರಹದಿಂದ ಬೆಳೆದ ಅಂಶ ಎಂಬುದು ವಿಶದವಾಗುವುದು. ಇದು ಕೇವಲ ಕುತೂಹಲದ ವಿಷಯವಲ್ಲ; ಈ ಮತವನ್ನು ನಂಬಿ ಕುಡಿದವರ ಆರೋಗ್ಯವು ಇದರಲ್ಲಿ ಅಡಗಿದೆ.

(೧)

ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಪರಂಪರೆಯಾಗಿ ಬಂದಿರುವ ವೈದ್ಯಗ್ರಂಥಗಳಲ್ಲಿ ದ್ರಾಕ್ಷಾಮದ್ಯವು ಆಹಾರವೂ ಹೌದು, ಔಷಧವೂ ಹೌದು. ವ್ರಣಗಳನ್ನು ಕುರಿತ ಗ್ರಂಥವು ಗಾಯವನ್ನು ಮದ್ಯದಿಂದ ತೋಯಿಸುವುದನ್ನು ವಿಧಿಸುತ್ತದೆ. ಕ್ರಿ. ಶ. ೧೫೭ರಲ್ಲಿ ಪೆರ್ಗಮಮ್ ನಗರದ ಗ್ಲಾಡಿಯೇಟರುಗಳಿಗೆ, ಎಂದರೆ ಅಖಾಡದಲ್ಲಿ ಖಡ್ಗ ಹಿಡಿದು ಕಾದುವವರಿಗೆ, ವೈದ್ಯನಾಗಿ ನಿಯುಕ್ತನಾದ ಗೇಲನನು ಅವರ ಗಾಯದ ಪಟ್ಟಿಗಳನ್ನು ಮದ್ಯದಲ್ಲಿ ನೆನೆಸಿ ಕಟ್ಟುತ್ತಿದ್ದನು. ಮಧ್ಯಯುಗದಲ್ಲಿ, ೧೩೧೧ರಲ್ಲಿ ಮೃತನಾದ ವಿಲ್ಲನೋವದ ಆರ್ನಾಲ್ಡನ ಹೆಸರಿನಲ್ಲಿ ಪ್ರಚಲಿತವಾದ ‘ಲಿಬೆರ್ ದೆ ವೀನಿಸ್’ ಎಂಬ ಲ್ಯಾಟಿನ್ ಗ್ರಂಥವು ನಾನಾ ಮೂಲಿಕೆಗಳನ್ನು ಮದ್ಯದಲ್ಲಿ ಹಾಕಿ ಸಿದ್ಧಪಡಿಸುವ ಔಷಧಗಳನ್ನು ವಿವರಿಸುತ್ತದೆ. ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವೆನಿಸದು. ಚರಕಸಂಹಿತೆಯು ಚಿಕಿತ್ಸಾಸ್ಥಾನದ ಮದಾತ್ಯಯ ಪ್ರಕರಣದಲ್ಲಿ ಮದ್ಯದ ಗುಣವನ್ನೂ ದೋಷವನ್ನೂ ಒಂದೇ ಎಡೆಯಲ್ಲಿ ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು.

ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಸಾಮ್ಯವೇ ಆರೋಗ್ಯವೆಂಬುದು ಗ್ರೀಕ್ ವೈದ್ಯದ ಮೂಲತತ್ತ್ವ. ಮದ್ಯವು ಉಷ್ಣಗುಣವುಳ್ಳದ್ದಾದುದರಿಂದ ಶೀತಪ್ರಕೃತಿಯವರಿಗೂ ವೃದ್ಧರಿಗೂ ಹಿತವೆಂದು ಅವರು ತರ್ಕಿಸಿದರು. ಈ ತತ್ತ್ವವು ಈಗ ಅಳಿದುಹೋಗಿದೆ. ಆದರೂ ಆ ವೈದ್ಯರ ಅನುಭವವು ಕೇವಲ ಭ್ರಮೆಯಾಗಿರಲಿಲ್ಲ. ಮದ್ಯಸಾರವೂ ಆಮ್ಲಗಳೂ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲವು. ಆದುದರಿಂದ ಗಾಯಕ್ಕೆ ಕೊಳಕು ನೀರಿಗಿಂತ ಮದ್ಯವು ಉತ್ತಮವಾಗಿದ್ದಿರಬೇಕು. ನೀರಿನಲ್ಲಿ ಕರಗದ ಎಷ್ಟೋ ಸಸ್ಯಸಾರಗಳು ಮದ್ಯದಲ್ಲಿ ಕರಗುತ್ತವೆ. ಆದುದರಿಂದ ಅದು ಔಷಧಕ್ಕೆ ಯೋಗ್ಯವಾದ ವಾಹನವಾಯಿತು. ಹೀಗೆ ತತ್ತ್ವವು ತಪ್ಪಾಗಿದ್ದರೂ ಪ್ರಯೋಜನವು ನಿಜವಾಗಿತ್ತು. ಆದರೆ ಆ ಪ್ರಯೋಜನವು ಇತರ ಸಾಧನಗಳ ಅಭಾವದಿಂದ ಬಂದುದು. ಶುದ್ಧಜಲವೂ ಕ್ರಿಮಿನಾಶಕ ದ್ರವ್ಯಗಳೂ ಸುಲಭವಾದ ಮೇಲೆ ಅದು ತಾನಾಗಿಯೇ ಕ್ಷೀಣಿಸಬೇಕಾಗಿತ್ತು. ಹಾಗಾಗದೆ, ಕೀರ್ತಿಯು ತನ್ನ ಕಾರಣವನ್ನು ಮೀರಿ ಉಳಿಯಿತು.

(೨)

ಆಧುನಿಕ ಕಾಲದಲ್ಲಿ ಈ ಕೀರ್ತಿಗೆ ಹೊಸ ಬಲವನ್ನು ಕೊಟ್ಟವನು ಲೂಯಿ ಪಾಶ್ಚರನು. ಫ್ರಾನ್ಸಿನ ಮದ್ಯಗಳು ಕೆಟ್ಟುಹೋಗುತ್ತಿದ್ದುದಕ್ಕೆ ಕಾರಣವನ್ನು ಹುಡುಕಿ, ಅದು ಸೂಕ್ಷ್ಮಜೀವಿಗಳ ಕೆಲಸವೆಂದು ತೋರಿಸಿ, ಹದವಾಗಿ ಕಾಯಿಸಿದರೆ ಮದ್ಯವು ಕೆಡುವುದಿಲ್ಲವೆಂಬ ಉಪಾಯವನ್ನು ಅವನು ೧೮೬೬ರಲ್ಲಿ ಪ್ರಕಟವಾದ ‘ಎತ್ಯೂದ್ ಸ್ಯೂರ್ ಲ ವೆನ್’ ಎಂಬ ಗ್ರಂಥದಲ್ಲಿ ವಿವರಿಸಿದನು. ಪಾನೀಯಗಳಲ್ಲೆಲ್ಲ ದ್ರಾಕ್ಷಾಮದ್ಯವು ಅತ್ಯಂತ ಆರೋಗ್ಯಕರವೂ ಶುಚಿಯೂ ಆದುದೆಂಬ ಅಭಿಪ್ರಾಯವು ಈ ಗ್ರಂಥದಲ್ಲಿಯೇ ಇದೆ. ಆ ಮಾತನ್ನು ಆ ಕಾಲದ ಸ್ಥಿತಿಯೊಡನೆ ಸೇರಿಸಿ ಓದಬೇಕು. ಕಾಲರಾ ಮೊದಲಾದ ರೋಗಗಳನ್ನು ತರುವ ನಗರದ ನೀರಿಗೆ ಹೋಲಿಸಿದರೆ ಮದ್ಯವು ಶುಚಿಯಾಗಿದ್ದಿತೆಂಬುದು ಸತ್ಯ. ಆದರೆ ಸಂದರ್ಭವು ಮರೆತುಹೋಗಿ, ವಾಕ್ಯವೊಂದೇ ಮದ್ಯವ್ಯಾಪಾರದ ಪ್ರಚಾರಪತ್ರಗಳಲ್ಲಿ ಉಳಿದುಕೊಂಡಿತು. ಗ್ರಂಥದ ಪಾಠವನ್ನು ಸಂದರ್ಭದಿಂದ ಕಿತ್ತು ಉದ್ಧರಿಸಿದಾಗ ಅರ್ಥವು ಹೇಗೆ ಪಲ್ಲಟವಾಗುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಫ್ರಾನ್ಸಿನಲ್ಲಿ ದ್ರಾಕ್ಷಾಮದ್ಯ, ಬಿಯರು, ಸೇಬಿನ ಮದ್ಯ ಇವುಗಳನ್ನು ‘ಆರೋಗ್ಯಕರ ಪಾನೀಯ’ಗಳ ವರ್ಗಕ್ಕೆ ಸೇರಿಸಿ, ಬಟ್ಟಿಯಿಳಿಸಿದ ಮದ್ಯಗಳನ್ನು ಮಾತ್ರ ಹಾನಿಕರವೆಂದು ಎಣಿಸುವ ವಾಡಿಕೆ ಬೆಳೆಯಿತು. ೧೯೧೫ರಲ್ಲಿ ಅಬ್ಸಿಂತ್ ಎಂಬ ಮದ್ಯವನ್ನು ಅಲ್ಲಿನ ಸರಕಾರವು ನಿಷೇಧಿಸಿತು. ಅದೇ ಯುದ್ಧಕಾಲದಲ್ಲಿ ಸೈನಿಕರಿಗೆ ಪ್ರತಿದಿನವೂ ದ್ರಾಕ್ಷಾಮದ್ಯವನ್ನು ಪಡಿಯಾಗಿ ಹಂಚಿತು. ೧೯೩೦ರ ದಶಕದಲ್ಲಿ ಮದ್ಯವು ಬೇಕಾದುದಕ್ಕಿಂತ ಹೆಚ್ಚಾಗಿ ಉತ್ಪನ್ನವಾಗಿ ಬೆಲೆ ಕುಸಿದಾಗ, ಮದ್ಯದ ಹಿತಗುಣಗಳನ್ನು ಸಾರುವ ವೈದ್ಯರ ಸಂಘಗಳೂ ತಲೆಯೆತ್ತಿದುವು. ಇದಕ್ಕೆ ವಿರುದ್ಧವಾದ ಸಾಕ್ಷ್ಯವು ಬೇಗನೆ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಿಸು ಶತ್ರುವಶವಾಗಿ ಮದ್ಯವು ಪಡಿತರಕ್ಕೆ ಒಳಪಟ್ಟಾಗ, ಯಕೃತ್ತು ಗಂಟುಗಟ್ಟಿ ಬಿರುಸಾಗುವ ಸಿರೋಸಿಸ್ ರೋಗದ ಮರಣಗಳು ಥಟ್ಟನೆ ಇಳಿದುವು. ಯುದ್ಧವು ಮುಗಿದು ಮದ್ಯವು ಯಥೇಚ್ಛವಾಗಿ ದೊರೆತೊಡನೆ ಮತ್ತೆ ಏರಿದುವು. ದ್ರಾಕ್ಷಾಮದ್ಯವೇ ಮುಖ್ಯ ಪಾನೀಯವಾದ ದೇಶದಲ್ಲಿ ಯಾರೂ ಯೋಜಿಸದೆಯೇ ನಡೆದುಹೋದ ಪರೀಕ್ಷೆಯಿದು.

(೩)

ಹೀಗೆ ಯಕೃತ್ತಿನ ವಿಷಯದಲ್ಲಿ ಕುಂದಿದ ಕೀರ್ತಿಯು ಹೃದಯದ ವಿಷಯದಲ್ಲಿ ಪುನಃ ಚಿಗುರಿತು. ಫ್ರಾನ್ಸಿನವರಲ್ಲಿ ಹೃದಯಶೂಲೆಯು ವಿರಳವೆಂಬುದನ್ನು ಐರ್ಲೆಂಡಿನ ಸ್ಯಾಮ್ಯುಯಲ್ ಬ್ಲ್ಯಾಕ್ ಎಂಬ ವೈದ್ಯನು ೧೮೧೯ರಲ್ಲಿಯೇ ಗಮನಿಸಿ, ಅವರ ಜೀವನಕ್ರಮವೇ ಅದಕ್ಕೆ ಕಾರಣವಿರಬಹುದೆಂದಿದ್ದನು. ೧೯೭೯ರಲ್ಲಿ ಸೇಂಟ್ ಲೆಜರ್, ಕಾಕ್ರನ್, ಮೂರ್ ಎಂಬ ಮೂವರು ವಿದ್ವಾಂಸರು ೧೮ ಮುಂದುವರಿದ ದೇಶಗಳ ಅಂಕಿ ಅಂಶಗಳನ್ನು ಹೋಲಿಸಿ, ದ್ರಾಕ್ಷಾಮದ್ಯದ ಬಳಕೆ ಹೆಚ್ಚಿದಷ್ಟೂ ಹೃದ್ರೋಗದ ಮರಣಗಳು ಕಡಮೆಯಾಗಿರುವುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮದ್ಯದಲ್ಲಿ ಹೃದಯರಕ್ಷಕವಾದ ದ್ರವ್ಯವೊಂದು ಮುಂದೆ ಕಂಡುಬಂದರೂ ಅದನ್ನು ಬೇರ್ಪಡಿಸುವುದು ಅಪಚಾರವಾದೀತು, ಔಷಧವು ಈಗಾಗಲೇ ರುಚಿಕರವಾದ ರೂಪದಲ್ಲಿಯೇ ಇದೆ ಎಂಬ ತಾತ್ಪರ್ಯದ ಒಂದು ವಿನೋದದ ಮಾತನ್ನೂ ಅವರು ಲೇಖನದಲ್ಲಿ ಸೇರಿಸಿದರು. ಮುಂದಿನ ಇತಿಹಾಸವೆಲ್ಲ ಆ ಅಪಚಾರದ ಇತಿಹಾಸವೇ ಆಯಿತೆನ್ನಬಹುದು.

೧೯೯೧ನೆಯ ಇಸವಿಯಲ್ಲಿ ಎರಡು ಘಟನೆಗಳು ನಡೆದುವು. ಜನವರಿಯಲ್ಲಿ ಫ್ರಾನ್ಸ್ ದೇಶವು ಮದ್ಯದ ಜಾಹೀರಾತುಗಳನ್ನು ನಿಯಂತ್ರಿಸುವ, ‘ಲುವಾ ಎವೆನ್’ ಎಂದು ಹೆಸರಾದ ಕಾನೂನನ್ನು ಜಾರಿಗೆ ತಂದಿತು. ನವೆಂಬರ್ ೧೭ರಂದು ಅಮೆರಿಕದ ‘ಸಿಕ್ಸ್‌ಟಿ ಮಿನಿಟ್ಸ್’ ಎಂಬ ದೂರದರ್ಶನ ಕಾರ್ಯಕ್ರಮವು, ಬೆಣ್ಣೆ ಗಿಣ್ಣಗಳನ್ನು ಧಾರಾಳವಾಗಿ ತಿಂದೂ ಫ್ರೆಂಚರು ಹೃದ್ರೋಗಕ್ಕೆ ಹೆಚ್ಚಾಗಿ ತುತ್ತಾಗದಿರುವುದನ್ನು ‘ಫ್ರೆಂಚ್ ವಿರೋಧಾಭಾಸ’ವೆಂದು ಬಣ್ಣಿಸಿ, ಕೆಂಪು ಮದ್ಯವು ಅದಕ್ಕೆ ಕಾರಣವಿರಬಹುದೆಂದು ಸೂಚಿಸಿತು. ಮದ್ಯವನ್ನು ಚೆನ್ನಾಗಿ ಬಲ್ಲ ದೇಶವು ಅದರ ಪ್ರಚಾರಕ್ಕೆ ಕಡಿವಾಣ ಹಾಕಿದ ವರ್ಷದಲ್ಲಿಯೇ ಇನ್ನೊಂದು ದೇಶದಲ್ಲಿ ಕೆಂಪು ಮದ್ಯದ ಮಾರಾಟವು ಏಕಾಏಕಿ ಏರಿತು. ೧೯೯೨ರಲ್ಲಿ ಸೆರ್ಜ್ ರೆನೋ ಮತ್ತು ಮಿಶೆಲ್ ದ ಲೊರ್ಜೆರಿಲ್ ಎಂಬವರು, ದಿನಕ್ಕೆ ೨೦ರಿಂದ ೩೦ ಗ್ರಾಂ ಮದ್ಯಸಾರವು ಹೃದ್ರೋಗದ ಅಪಾಯವನ್ನು ನೂರಕ್ಕೆ ೪೦ರಷ್ಟಾದರೂ ತಗ್ಗಿಸಬಹುದೆಂದು ವಾದಿಸಿದರು. ಇಲ್ಲಿ ಒಂದು ಅಂಶವನ್ನು ಮರೆಯಬಾರದು. ಅವರು ಒತ್ತಿ ಹೇಳಿದುದು ರಕ್ತವು ಹೆಪ್ಪುಗಟ್ಟುವಂತೆ ಮಾಡುವ ಪ್ಲೇಟ್‌ಲೆಟ್ ಕಣಗಳ ಮೇಲೆ ಮದ್ಯಸಾರವು ಮಾಡುವ ಪರಿಣಾಮವನ್ನು. ದ್ರಾಕ್ಷಿಯ ಬಣ್ಣಕ್ಕೆ ಪ್ರಾಧಾನ್ಯ ಬಂದುದು ಆಮೇಲೆ.

(೪)

ಪಾಲಿಫಿನಾಲುಗಳೆಂದರೆ ಸಸ್ಯಗಳು ತಮ್ಮ ರಕ್ಷಣೆಗಾಗಿ ನಿರ್ಮಿಸಿಕೊಳ್ಳುವ ಒಂದು ದೊಡ್ಡ ದ್ರವ್ಯಕುಲ. ದ್ರಾಕ್ಷಿಯ ಕೆಂಪು ನೇರಳೆ ಬಣ್ಣಗಳೂ ಬೀಜದ ಒಗರೂ ಇವುಗಳಿಂದಲೇ ಬಂದುವು. ಬಿಳಿಯ ಮದ್ಯಕ್ಕೆ ರಸವನ್ನು ಮಾತ್ರ ಹುದುಗಿಸುತ್ತಾರೆ. ಕೆಂಪು ಮದ್ಯಕ್ಕೆ ಸಿಪ್ಪೆ ಬೀಜಗಳೊಡನೆ ಹುದುಗಿಸುತ್ತಾರೆ. ಹುದುಗುವಾಗ ಹುಟ್ಟುವ ಮದ್ಯಸಾರವು ಸಿಪ್ಪೆ ಬೀಜಗಳ ಸಾರವನ್ನು ಸೆಳೆದುಕೊಳ್ಳುತ್ತದೆ. ಆದಕಾರಣ ಕೆಂಪು ಮದ್ಯದ ಒಂದು ಲೀಟರಿನಲ್ಲಿ ಸುಮಾರು ೧ರಿಂದ ೩ ಗ್ರಾಂ ಪಾಲಿಫಿನಾಲುಗಳಿದ್ದರೆ ಬಿಳಿಯದರಲ್ಲಿ ಅದರ ಅತ್ಯಲ್ಪ ಭಾಗವಿರುತ್ತದೆ. ಬೋರ್ಡೋ ನಗರದ ಜಾಕ್ ಮಾಸ್ಕೆಲಿಯೇ ಎಂಬ ವಿದ್ವಾಂಸನು ಈ ಕುಲದ ಪ್ರೊಆಂಥೊಸಯನಿಡಿನ್ ಎಂಬ ದ್ರವ್ಯಗಳನ್ನು ೧೯೪೦ರ ದಶಕದ ಕೊನೆಯಲ್ಲಿ ಮೊದಲು ಬೇರ್ಪಡಿಸಿದುದು ಕಡಲೆಕಾಯಿಬೀಜದ ಕೆಂಪು ಹೊಟ್ಟಿನಿಂದ; ದ್ರಾಕ್ಷಿಬೀಜದ ಸರದಿ ಬಂದುದು ಅನಂತರ. ಈ ದ್ರವ್ಯಗಳು ಮದ್ಯಕ್ಕೆ ಮೀಸಲಾದುವಲ್ಲವೆಂಬುದಕ್ಕೆ ಅವುಗಳ ಚರಿತ್ರೆಯೇ ಸಾಕ್ಷಿ.

ಇವುಗಳಿಗೆ ಮಹತ್ತ್ವವನ್ನು ತಂದುದು ಬೇರೊಂದು ಶಾಸ್ತ್ರದ ಬೆಳವಣಿಗೆ. ಉಸಿರಾಟದಿಂದ ಹುಟ್ಟುವ, ಅತಿಚುರುಕಾದ ಕೆಲವು ಕಣಗಳು ಜೀವಕೋಶಗಳನ್ನು ಕೆಡಿಸುವುದೇ ಮುಪ್ಪಿಗೆ ಕಾರಣವೆಂಬ ವಾದವನ್ನು ಡೆನ್‌ಹ್ಯಾಮ್ ಹಾರ್ಮನ್ ೧೯೫೬ರಲ್ಲಿ ಪ್ರಕಟಿಸಿದನು. ಅಂತಹ ಕಣಗಳನ್ನು ಶಮನಗೊಳಿಸುವ ಕಿಣ್ವವು ದೇಹದಲ್ಲಿಯೇ ಇದೆಯೆಂಬುದನ್ನು ಮೆಕಾರ್ಡ್ ಮತ್ತು ಫ್ರಿಡೊವಿಚ್ ೧೯೬೯ರಲ್ಲಿ ತೋರಿಸಿದರು. ಕೆಡಿಸುವ ಶಕ್ತಿಯು ಕಾಯುವ ಶಕ್ತಿಯನ್ನು ಮೀರುವ ಸ್ಥಿತಿಗೆ ೧೯೮೫ರಲ್ಲಿ ಹೆಲ್ಮುಟ್ ಸೀಸ್ ‘ಉತ್ಕರ್ಷಣದ ಒತ್ತಡ’ವೆಂಬ ಅರ್ಥದ ಹೆಸರನ್ನು ನೆಲೆಗೊಳಿಸಿದನು. ರಕ್ತದಲ್ಲಿ ಕೊಬ್ಬನ್ನು ಹೊರುವ ಕಣಗಳು ಹೀಗೆ ಉತ್ಕರ್ಷಣಗೊಂಡು ರಕ್ತನಾಳದ ಗೋಡೆಯಲ್ಲಿ ಉರಿಯೂತವನ್ನೆಬ್ಬಿಸುವುದು ಹೃದ್ರೋಗದ ಒಂದು ಮುಖ್ಯ ಹಂತವೆಂದು ತಿಳಿದುಬಂದಿತು. ಈ ನೆಲವು ಹದವಾಗಿರುವಾಗಲೇ, ೧೯೯೩ರಲ್ಲಿ, ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಫ್ರಾಂಕೆಲ್ ಮತ್ತು ಅವರ ಸಂಗಡಿಗರು ಕೆಂಪು ಮದ್ಯವನ್ನು ೧೦೦೦ ಪಾಲು ತೆಳ್ಳಗೆ ಮಾಡಿ ಆ ಕೊಬ್ಬುವಾಹಕ ಕಣಗಳಿಗೆ ಸೇರಿಸಿ, ಅದರ ಪಾಲಿಫಿನಾಲುಗಳು ಉತ್ಕರ್ಷಣವನ್ನು ‘ಇ’ ಜೀವಸತ್ತ್ವಕ್ಕಿಂತಲೂ ಚೆನ್ನಾಗಿ ತಡೆಯುವುವೆಂದು ತೋರಿಸಿದರು. ಫ್ರೆಂಚ್ ವಿರೋಧಾಭಾಸಕ್ಕೆ ಪರಿಹಾರವು ದೊರೆಯಿತೆಂದು ಲೋಕವು ಭಾವಿಸಿತು.

ಆದರೆ ಪರೀಕ್ಷೆಯು ನಡೆದುದು ಗಾಜಿನ ಪಾತ್ರೆಯಲ್ಲಿ. ಪಾತ್ರೆಗೂ ದೇಹಕ್ಕೂ ನಡುವೆ ಜಠರ, ಕರುಳು, ಯಕೃತ್ತುಗಳಿವೆ. ಕುಡಿದ ಪಾಲಿಫಿನಾಲುಗಳಲ್ಲಿ ಅಲ್ಪಭಾಗವು ಮಾತ್ರ ರಕ್ತವನ್ನು ಸೇರುತ್ತದೆ. ಅದೂ ಬಹುಮಟ್ಟಿಗೆ ರೂಪಾಂತರ ಹೊಂದಿಯೇ ಸೇರುತ್ತದೆ. ಉಳಿದುದನ್ನು ಕರುಳಿನ ಸೂಕ್ಷ್ಮಜೀವಿಗಳು ಬೇರೆ ದ್ರವ್ಯಗಳಾಗಿ ಒಡೆಯುತ್ತವೆ. ಉತ್ಕರ್ಷಣವನ್ನು ತಡೆಯುವುದೆಲ್ಲವೂ ಹಿತವೆಂಬ ನಂಬಿಕೆಗೂ ೧೯೯೪ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಫಿನ್‌ಲೆಂಡಿನ ೨೯,೧೩೩ ಮಂದಿ ಧೂಮಪಾನಿಗಳ ಪರೀಕ್ಷೆಯಲ್ಲಿ, ಅಂತಹ ನಿರೋಧಕವೆಂದು ಹೆಸರಾದ ಬೀಟಾ ಕ್ಯಾರೊಟಿನನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ನೂರಕ್ಕೆ ೧೮ರಷ್ಟು ಹೆಚ್ಚಾಗಿಯೇ ಕಂಡಿತು. ಇನ್ನೊಂದು ವಿಷಯವೂ ಗಮನಾರ್ಹ. ಹಾಲೆಂಡಿನ ಜುಟ್‌ಫೆನ್ ಪಟ್ಟಣದ ೮೦೫ ಮಂದಿ ವೃದ್ಧರಲ್ಲಿ ಈ ಕುಲದ ಫ್ಲೇವನಾಯ್ಡ್ ದ್ರವ್ಯಗಳನ್ನು ಹೆಚ್ಚಾಗಿ ಸೇವಿಸಿದವರಿಗೆ ಹೃದ್ರೋಗದ ಮರಣವು ಕಡಮೆಯೆಂದು ಹೆರ್ಟೊಗ್ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ವರದಿಮಾಡಿದರು. ಆ ವೃದ್ಧರಿಗೆ ಅವು ಮುಖ್ಯವಾಗಿ ದೊರೆತುದು ಚಹಾ, ಈರುಳ್ಳಿ, ಸೇಬುಗಳಿಂದ. ಅದೇ ವರ್ಷದ ಈ ವರದಿಯನ್ನು ಲೋಕವು ಅಷ್ಟಾಗಿ ಆಡಿಕೊಳ್ಳಲಿಲ್ಲ.

(೫)

ದ್ರವ್ಯಕುಲದಿಂದ ಒಂದೇ ದ್ರವ್ಯಕ್ಕೆ ದೃಷ್ಟಿಯು ಹರಿದುದು ಮುಂದಿನ ಹೆಜ್ಜೆ. ರೆಸ್ವೆರಟ್ರಾಲ್ ಎಂಬ ಪಾಲಿಫಿನಾಲನ್ನು ಮೊದಲು ಬೇರ್ಪಡಿಸಿದವನು ಜಪಾನಿನ ತಕಾಒಕ. ೧೯೪೦ರ ಸುಮಾರಿನಲ್ಲಿ ವೆರಾಟ್ರಮ್ ಎಂಬ ವಿಷಸಸ್ಯದಿಂದ. ಬೂಷ್ಟು ತಗುಲಿದಾಗ ದ್ರಾಕ್ಷಿಯ ಎಲೆಯು ಇದನ್ನು ಆತ್ಮರಕ್ಷಣೆಗಾಗಿ ಉತ್ಪಾದಿಸುವುದೆಂದು ಲ್ಯಾಂಗ್‌ಕೇಕ್ ಮತ್ತು ಪ್ರೈಸ್ ೧೯೭೬ರಲ್ಲಿ ಕಂಡುಹಿಡಿದರು. ಮದ್ಯದಲ್ಲಿಯೂ ಇದು ಇರುವುದೆಂದು ಸೀಮನ್ ಮತ್ತು ಕ್ರೀಸಿ ೧೯೯೨ರಲ್ಲಿ ವರದಿಮಾಡಿದರು. ೧೯೯೭ರಲ್ಲಿ ಷಿಕಾಗೋ ನಗರದ ಪೆಜ್ಜೂಟೊ ಮತ್ತು ಸಂಗಡಿಗರು, ಉರಿಯೂತವನ್ನು ಬೆಳೆಸುವ ಒಂದು ಕಿಣ್ವವನ್ನು ಇದು ತಡೆಯುವುದೆಂದೂ ಅರ್ಬುದದ ಬೆಳವಣಿಗೆಯನ್ನು ಪ್ರಯೋಗದಲ್ಲಿ ಕುಗ್ಗಿಸುವುದೆಂದೂ ಪ್ರಕಟಿಸಿದರು. ೨೦೦೩ರಲ್ಲಿ ಇದು ಯೀಸ್ಟಿನ ಆಯುಸ್ಸನ್ನು ಹೆಚ್ಚಿಸುವುದೆಂದೂ, ೨೦೦೬ರಲ್ಲಿ ಕೊಬ್ಬಿದ ಇಲಿಗಳ ಆರೋಗ್ಯವನ್ನು ಉತ್ತಮಪಡಿಸುವುದೆಂದೂ ಲೇಖನಗಳು ಹೊರಬಂದುವು. ೨೦೦೮ರಲ್ಲಿ ಗ್ಲಾಕ್ಸೊ ಸ್ಮಿತ್‌ಕ್ಲೈನ್ ಔಷಧಸಂಸ್ಥೆಯು ಈ ಸಂಶೋಧನೆಯನ್ನು ಆಧರಿಸಿದ ಸರ್ಟ್ರಿಸ್ ಎಂಬ ಕಂಪನಿಯನ್ನು ೭೨ ಕೋಟಿ ಡಾಲರಿಗೆ ಕೊಂಡುಕೊಂಡಿತು.

ಇಲ್ಲಿ ಪ್ರಮಾಣದ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಯುಕ್ತ. ೨೦೦೬ರ ಪ್ರಯೋಗದಲ್ಲಿ ಇಲಿಗೆ ಕೊಟ್ಟುದು ದಿನಕ್ಕೆ ಕಿಲೋಗ್ರಾಂ ತೂಕಕ್ಕೆ ೨೨.೪ ಮಿಲಿಗ್ರಾಂ. ತೂಕಕ್ಕೆ ನೇರವಾಗಿ ಗುಣಿಸಿದರೆ ೭೦ ಕಿಲೋಗ್ರಾಂ ತೂಕದ ಮನುಷ್ಯನಿಗೆ ಸುಮಾರು ೧,೫೭೦ ಮಿಲಿಗ್ರಾಂ ಆಗುತ್ತದೆ. ಕೆಂಪು ಮದ್ಯದ ಒಂದು ಲೀಟರಿನಲ್ಲಿ ಇದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಎರಡೆಂದು ಹಿಡಿದರೆ ದಿನಕ್ಕೆ ೭೮೦ ಲೀಟರುಗಳಿಗೂ ಮೇಲಾಗಿ ಕುಡಿಯಬೇಕಾದೀತು! ಪ್ರಾಣಿಯ ಗಾತ್ರವನ್ನು ಗಣಿಸಿ ಈ ಲೆಕ್ಕವನ್ನು ಹನ್ನೆರಡನೆಯ ಒಂದು ಪಾಲಿಗೆ ಇಳಿಸಿದರೂ ಅರುವತ್ತು ಲೀಟರುಗಳಿಗೆ ಕಡಮೆಯಿಲ್ಲ. ಇಷ್ಟಾಗಿಯೂ, ೨೫ ಮಿಲಿಗ್ರಾಂ ನುಂಗಿದವರ ರಕ್ತದಲ್ಲಿ ಮಾರ್ಪಡದೆ ಉಳಿದ ರೆಸ್ವೆರಟ್ರಾಲ್ ಲೇಶಮಾತ್ರವೆಂದು ವಾಲೆ ಮತ್ತು ಸಂಗಡಿಗರು ೨೦೦೪ರಲ್ಲಿಯೇ ತೋರಿಸಿದ್ದರು.

ಫಲವು ಅದಕ್ಕೆ ತಕ್ಕಂತೆಯೇ ಆಯಿತು. ಗ್ಲಾಕ್ಸೊ ಸಂಸ್ಥೆಯು ತನ್ನ ರೆಸ್ವೆರಟ್ರಾಲ್ ಔಷಧದ ಅಭಿವೃದ್ಧಿಯನ್ನು ೨೦೧೦ರಲ್ಲಿ ನಿಲ್ಲಿಸಿತು. ೨೦೧೩ರಲ್ಲಿ ಸರ್ಟ್ರಿಸ್ ಮುಚ್ಚಿತು. ೨೦೧೨ರ ಜನವರಿಯಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾನಿಲಯವು, ರೆಸ್ವೆರಟ್ರಾಲನ್ನು ಕುರಿತು ಅನೇಕ ಲೇಖನಗಳನ್ನು ಬರೆದಿದ್ದ ದೀಪಕ್ ದಾಸ್ ಅವರ ಸಂಶೋಧನೆಯಲ್ಲಿ ೧೪೫ ಕಡೆ ದತ್ತಾಂಶಗಳನ್ನು ಕಲ್ಪಿಸಿ ಅಥವಾ ತಿದ್ದಿ ಸೇರಿಸಲಾಗಿದೆಯೆಂದು ತನ್ನ ವಿಚಾರಣೆಯ ನಿರ್ಣಯವನ್ನು ಸಾರಿತು. ದಾಸ್ ಅವರು ಅದನ್ನು ನಿರಾಕರಿಸಿದರು. ಒಬ್ಬರ ಲೇಖನಗಳಿಂದ ಶಾಸ್ತ್ರವು ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಹೆಚ್ಚು ನಿರ್ಣಾಯಕವಾದ ಸಾಕ್ಷ್ಯವು ಮದ್ಯದ ತವರಿನಲ್ಲಿಯೇ ದೊರೆಯಿತು. ಇಟಲಿಯ ಕಿಯಾಂತಿ ಪ್ರಾಂತದ, ೬೫ ವರ್ಷ ಮೀರಿದ ೭೮೩ ಮಂದಿಯ ಮೂತ್ರದಲ್ಲಿ ರೆಸ್ವೆರಟ್ರಾಲಿನ ಅಂಶಗಳನ್ನು ಅಳೆದು ಒಂಬತ್ತು ವರ್ಷ ಅವರನ್ನು ಗಮನಿಸಿದ ಸೆಂಬಾ ಮತ್ತು ಸಂಗಡಿಗರು ೨೦೧೪ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಆ ಅವಧಿಯಲ್ಲಿ ೨೬೮ ಮಂದಿ ತೀರಿಕೊಂಡರು. ಆ ಅಂಶವು ಹೆಚ್ಚಾಗಿದ್ದವರಿಗೂ ಕಡಮೆಯಾಗಿದ್ದವರಿಗೂ ಮರಣದಲ್ಲಾಗಲಿ, ಹೃದ್ರೋಗದಲ್ಲಾಗಲಿ, ಅರ್ಬುದದಲ್ಲಾಗಲಿ, ಉರಿಯೂತದ ಸೂಚಕಗಳಲ್ಲಾಗಲಿ ಗಣನೀಯ ವ್ಯತ್ಯಾಸವು ಕಾಣಲಿಲ್ಲ.

(೬)

ಹಾಗಾದರೆ ಮಿತವಾಗಿ ಕುಡಿಯುವವರಲ್ಲಿ ಹೃದ್ರೋಗವು ಕಡಮೆಯಾಗಿ ಕಂಡುದಕ್ಕೆ ಕಾರಣವೇನು? ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಕಾರ್ಯಕಾರಣಭಾವವನ್ನು ಕಲ್ಪಿಸಬಾರದೆಂಬ ನ್ಯಾಯವು ಇಲ್ಲಿ ಅನ್ವಯಿಸುತ್ತದೆ. ೧೯೮೮ರಲ್ಲಿ ಷೇಪರ್ ಮತ್ತು ಸಂಗಡಿಗರು ಬ್ರಿಟನ್ನಿನ ೭,೭೩೫ ಪುರುಷರನ್ನು ಪರಿಶೀಲಿಸಿ, ಕುಡಿಯದವರ ಗುಂಪಿನಲ್ಲಿ ರೋಗ ಬಂದುದರಿಂದಲೇ ಕುಡಿತವನ್ನು ಬಿಟ್ಟವರು ಸೇರಿಕೊಂಡಿರುವರೆಂದು ತೋರಿಸಿದರು. ಆ ಗುಂಪು ರೋಗಿಷ್ಠವಾಗಿ ಕಂಡರೆ ಮಿತಪಾನಿಗಳು ಆರೋಗ್ಯವಂತರಾಗಿ ತೋರುವುದು ಸಹಜವೇ ಆಗಿದೆ. ೧೯೯೯ರಲ್ಲಿ ಲಾ ಮತ್ತು ವಾಲ್ಡ್, ಫ್ರಾನ್ಸಿನಲ್ಲಿ ಪ್ರಾಣಿಜನ್ಯ ಕೊಬ್ಬಿನ ಬಳಕೆಯು ಬ್ರಿಟನ್ನಿಗಿಂತ ತಡವಾಗಿ ಹೆಚ್ಚಿದುದರಿಂದ ಅದರ ಫಲವು ಇನ್ನೂ ಪೂರ್ಣವಾಗಿ ತಲೆದೋರಿಲ್ಲವೆಂದೂ, ಅಲ್ಲಿನ ಮರಣಪತ್ರಗಳಲ್ಲಿ ಹೃದ್ರೋಗವನ್ನು ಕಡಮೆಯಾಗಿ ನಮೂದಿಸುವುದೂ ಉಂಟೆಂದೂ ವಾದಿಸಿದರು. ೨೦೧೪ರಲ್ಲಿ ಹೋಮ್ಸ್ ಮತ್ತು ಸಂಗಡಿಗರು ೨,೬೧,೯೯೧ ಮಂದಿಯ ದಾಖಲೆಗಳನ್ನು ನೋಡಿ, ಹುಟ್ಟಿನಿಂದಲೇ ಮದ್ಯಕ್ಕೆ ಒಗ್ಗದಂತೆ ಮಾಡುವ ವಂಶಗುಣವುಳ್ಳವರಲ್ಲಿ ಹೃದ್ರೋಗವು ಕಡಮೆಯೆಂದೂ, ಅಲ್ಪವಾಗಿ ಕುಡಿಯುವವರಲ್ಲಿಯೂ ಈ ನಿಯಮವು ಸಲ್ಲುವುದೆಂದೂ ತಿಳಿಸಿದರು.

ಕಾರಣವನ್ನು ನಿಶ್ಚಯಿಸಲು ಅನ್ವಯ ವ್ಯತಿರೇಕಗಳೆರಡೂ ಬೇಕು. ಎಂದರೆ ಬಣ್ಣವನ್ನು ಮದ್ಯಸಾರದಿಂದ ಅಗಲಿಸಿ ನೋಡಬೇಕು. ಬಾರ್ಸಿಲೋನದ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನೇ ಮಾಡಿತು. ಹೃದ್ರೋಗದ ಅಪಾಯವಿದ್ದ ೬೭ ಪುರುಷರಿಗೆ ಕೆಂಪು ಮದ್ಯ, ಮದ್ಯಸಾರವನ್ನು ತೆಗೆದ ಕೆಂಪು ಮದ್ಯ, ಪಾಲಿಫಿನಾಲುಗಳಿಲ್ಲದ ಜಿನ್ ಇವನ್ನು ನಾಲ್ಕು ನಾಲ್ಕು ವಾರಗಳಂತೆ ಸರದಿಯಲ್ಲಿ ಕೊಟ್ಟರು. ರಕ್ತದ ಒತ್ತಡವನ್ನು ತಗ್ಗಿಸಿದುದು ಮದ್ಯಸಾರವಿಲ್ಲದ ಪಾನೀಯವು. ಬಿಳಿಯ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಳ್ಳುವಂತೆ ಮಾಡುವ ಕೆಲವು ಅಣುಗಳೂ, ಉರಿಯೂತದ ಸಂದೇಶವನ್ನು ಒಯ್ಯುವ ಇಂಟರ್‌ಲ್ಯೂಕಿನ್-೬ ಎಂಬುದೂ ಇಳಿದುದು ಪಾಲಿಫಿನಾಲುಗಳ ದೆಸೆಯಿಂದ. ಉರಿಯೂತದ ಬೇರೆ ಕೆಲವು ಸೂಚಕಗಳ ಮೇಲೆ ಮದ್ಯಸಾರದ ಪರಿಣಾಮವೂ ಕಂಡುಬಂದಿತು. ಇವು ಕೆಲವು ವಾರಗಳ ಸೂಚಕಗಳೇ ಹೊರತು ಆಯುಸ್ಸಿನ ಪ್ರಮಾಣಗಳಲ್ಲ. ಆದರೂ ಬಣ್ಣಕ್ಕೆ ಅಲ್ಪಸ್ವಲ್ಪ ಗುಣವುಂಟೆಂಬುದನ್ನೂ, ಆ ಗುಣಕ್ಕೆ ಮದ್ಯಸಾರದ ಹಂಗಿಲ್ಲವೆಂಬುದನ್ನೂ ಸೂಚಿಸುತ್ತವೆ. ಕೋಕೋ ಬೀಜದ ಪಾಲಿಫಿನಾಲುಗಳನ್ನು ೨೧,೪೪೨ ಮಂದಿಯಲ್ಲಿ ಪರೀಕ್ಷಿಸಿದ ‘ಕಾಸ್ಮಾಸ್’ ಪ್ರಯೋಗದ ೨೦೨೨ರ ವರದಿಯೂ ಇದೇ ದಾರಿಯದು: ಒಟ್ಟು ಹೃದ್ರೋಗಪ್ರಸಂಗಗಳು ಗಣನೀಯವಾಗಿ ತಗ್ಗಲಿಲ್ಲ, ಹೃದ್ರೋಗದ ಮರಣಗಳು ಮಾತ್ರ ನೂರಕ್ಕೆ ೨೭ರಷ್ಟು ಕಡಮೆಯಾಗಿ ಕಂಡುವು.

ಮದ್ಯಸಾರದ ಲೆಕ್ಕವು ಬೇರೆಯಾಗಿದೆ. ಮದ್ಯಪಾನೀಯಗಳು ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೧೯೮೮ರಲ್ಲಿಯೇ, ಎಂದರೆ ಆ ದೂರದರ್ಶನ ಕಾರ್ಯಕ್ರಮಕ್ಕೆ ಮೂರು ವರ್ಷ ಮೊದಲೇ, ನಿರ್ಣಯಿಸಿತ್ತು. ಮದ್ಯಸಾರವು ದೇಹದಲ್ಲಿ ಅಸಿಟಾಲ್ಡಿಹೈಡಾಗಿ ಮಾರ್ಪಟ್ಟು ಜೀವಕೋಶದ ವಂಶವಸ್ತುವನ್ನೇ ಕೆಡಿಸುತ್ತದೆ. ಈ ಮಾರ್ಪಾಟಿನ ಕಾಲದಲ್ಲಿ ಉತ್ಕರ್ಷಣದ ಒತ್ತಡವೂ ಹೆಚ್ಚುತ್ತದೆ. ಯಾವ ಕೇಡನ್ನು ತಡೆಯಲೆಂದು ಪಾಲಿಫಿನಾಲನ್ನು ಹೊಗಳಿದರೋ ಆ ಕೇಡನ್ನೇ ಅದರ ವಾಹನವು ಹೊತ್ತು ತರುವುದು ಇಲ್ಲಿನ ನಿಜವಾದ ವಿರೋಧಾಭಾಸ. ಮಿತಪಾನದ ಹಿತಾಹಿತವನ್ನು ೭,೮೦೦ ಮಂದಿಯಲ್ಲಿ ಪರೀಕ್ಷಿಸಲು ಅಮೆರಿಕದಲ್ಲಿ ಕೈಗೊಂಡಿದ್ದ ಪ್ರಯೋಗಕ್ಕೆ ಹಣದ ಬಹುಭಾಗವು ಮದ್ಯೋದ್ಯಮದಿಂದಲೇ ಬರಲಿದ್ದಿತೆಂಬುದೂ, ಯೋಜನೆಯು ಅನುಕೂಲ ಫಲದ ಕಡೆಗೆ ವಾಲಿದ್ದಿತೆಂಬುದೂ ಬಯಲಾಗಿ, ೨೦೧೮ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ೨೦೨೩ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪು ಶಾಖೆಯು, ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವು ಯಾವುದೂ ಇಲ್ಲವೆಂದು ಪ್ರಕಟಿಸಿತು.

(೭)

ಮೇಲಿನ ವಿಚಾರದಿಂದ ಫಲಿತವಾಗುವ ಸಿದ್ಧಾಂತವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಪ್ರಾಚೀನರು ಮದ್ಯದಲ್ಲಿ ಕಂಡ ಗುಣವು ಆ ಕಾಲದ ಅಭಾವಗಳಿಗೆ ಪರಿಹಾರವಾಗಿದ್ದಿತು. ಪಾಶ್ಚರನ ಪ್ರಶಂಸೆಯು ಕೊಳಕು ನೀರಿನ ಎದುರಿನಲ್ಲಿ ಅರ್ಥವತ್ತಾಗಿದ್ದಿತು. ಫ್ರೆಂಚ್ ವಿರೋಧಾಭಾಸವು ಅಂಕಿಗಳ ಹೋಲಿಕೆಯಿಂದ ಹುಟ್ಟಿ, ಅಂಕಿಗಳ ಪರಿಶೋಧನೆಯಿಂದಲೇ ಬಹುಮಟ್ಟಿಗೆ ಕರಗಿತು. ಪಾಲಿಫಿನಾಲುಗಳು ಉರಿಯೂತದ ಮೇಲೆ ಮಾಡುವ ಪರಿಣಾಮವು ಮಾತ್ರ ಪರೀಕ್ಷೆಗೆ ನಿಂತು ಸ್ವಲ್ಪಮಟ್ಟಿಗೆ ಉಳಿದುಕೊಂಡಿದೆ. ಆದರೆ ಅದು ಮದ್ಯದ ಗುಣವಲ್ಲ, ಹಣ್ಣಿನ ಗುಣ. ಅದನ್ನು ದ್ರಾಕ್ಷಿಯಿಂದಲೂ ಚಹಾದಿಂದಲೂ ಈರುಳ್ಳಿಯಿಂದಲೂ ಪಡೆಯಲು ಮದ್ಯಪಾತ್ರೆಯ ಆವಶ್ಯಕತೆಯಿಲ್ಲ. ೧೯೭೯ರ ವಿದ್ವಾಂಸರು ವಿನೋದವಾಗಿ ಅಪಚಾರವೆಂದು ಕರೆದ ಆ ಬೇರ್ಪಡಿಸುವ ಕಾರ್ಯವೇ ಕಡೆಗೆ ಸತ್ಯವನ್ನು ಹೊರಗೆಡವಿತು.